ಭಾರ ಹೊತ್ತ ಸೊನ್ನೆ

ಲೋಹ ದಣಿಯುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದವರಿಗೆಲ್ಲ ಇದು ಗೊತ್ತು. ಎಷ್ಟನೆಯ ಸಲಕ್ಕೆ ಮುರಿಯುತ್ತದೆ ಎಂಬುದು ಮಾತ್ರ ಮೊದಲೇ ಗೊತ್ತಿರುವುದಿಲ್ಲ. ಅದೂ ಗೊತ್ತಾಗುವಂತಾದರೆ ಮನುಷ್ಯರು ಏನು ಮಾಡುತ್ತಾರೆ? ಮರಡಿಹಾಳ ವಾಯುನೆಲೆಯ ಯುದ್ಧವಿಮಾನ ದಳದಲ್ಲಿ ಈ ಪ್ರಶ್ನೆಗೆ ಮೂರು ವರ್ಷಗಳಿಂದ ಉತ್ತರ ಸಿಗುತ್ತಿತ್ತು, ಯಾರೂ ಅದನ್ನು ಉತ್ತರವೆಂದು ಗುರುತಿಸಿರಲಿಲ್ಲ.

ದಳದ ವಿಮಾನಗಳೆಲ್ಲ ಹಳೆಯವು. ಹೊಸವು ಬರುವುದು ವರ್ಷ ವರ್ಷವೂ ಮುಂದಕ್ಕೆ ಹೋಗುತ್ತಿದ್ದುದರಿಂದ, ಇದ್ದುದನ್ನೇ ಬಾಳಿಸಬೇಕಿತ್ತು. ಹಾಗಾಗಿ ಅವುಗಳ ರೆಕ್ಕೆಯ ಬುಡದಲ್ಲಿ ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳ ಬಲೆಯೊಂದನ್ನು ಅಂಟಿಸಿದರು. ಎಳೆಯೊಳಗೆ ಬೆಳಕು ಓಡುತ್ತಿರುತ್ತದೆ. ವಿಮಾನ ತಿರುಗುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ, ಅಡಿಯ ಲೋಹ ಹಿಗ್ಗುತ್ತದೆ, ಅದರ ಜೊತೆ ಗಾಜಿನ ಎಳೆಯೂ ಹಿಗ್ಗುತ್ತದೆ. ಆಗ ಬೆಳಕಿನ ಬಣ್ಣ ಸೂಜಿಮೊನೆಯಷ್ಟು ಬದಲಾಗುತ್ತದೆ. ಆ ಬದಲಾವಣೆಯನ್ನು ಕಂಪ್ಯೂಟರ್ ಕೂಡಿಸುತ್ತ ಹೋಗಿ, ಇಂದಿನ ಹಾರಾಟದಲ್ಲಿ ಈ ವಿಮಾನದ ಆಯುಷ್ಯ ಎಷ್ಟು ಸವೆಯಿತು ಎಂದು ಹೇಳುತ್ತದೆ.

ಯಾರು ಹಾರಿಸಿದಾಗ ಎಷ್ಟು ಎಂದೂ ಹೇಳುತ್ತದೆ. ಒಂದು ಗಂಟೆ ಹಾರಿಸಿ ಒಂದು ಗಂಟೆಯ ಆಯುಷ್ಯ ಸವೆಸಿದರೆ ಪೈಲಟ್‌ನ ಸವೆತ ಒಂದು. ಒಂದಕ್ಕಿಂತ ಕಡಿಮೆಯವರು ಜಾಣರು, ಹೆಚ್ಚಿನವರು ಒರಟರು. ಪೈಲಟ್‌ಗಳ ಕೋಣೆಯಲ್ಲಿ ಪ್ರತಿ ಸೋಮವಾರ ಪಟ್ಟಿ ಅಂಟಿಸುತ್ತಿದ್ದರು. ಮೊದಲ ತಿಂಗಳು ಎಲ್ಲರೂ ನಕ್ಕರು. ಎರಡನೆಯ ತಿಂಗಳಿಂದ ಎಲ್ಲರೂ ಮೆತ್ತಗೆ ತಿರುಗತೊಡಗಿದರು. ಯುದ್ಧವಿಲ್ಲದ ಕಾಲದಲ್ಲಿ ಯುದ್ಧವಿಮಾನವನ್ನು ಕೆಡದಂತೆ ಇಟ್ಟುಕೊಳ್ಳುವುದೇ ದೊಡ್ಡ ಕೆಲಸ, ಆದ್ದರಿಂದ ಇದು ಒಳ್ಳೆಯ ನಡತೆ ಎನಿಸಿತು. ಕ್ವಾರ್ಟರ್ಸಿನ ಹೆಂಗಸರು ಕೂಡ ಬಾಗಿಲು ಧಡಾರನೆ ಹಾಕಿದ ಗಂಡನಿಗೆ, "ಸವೆತ ಜಾಸ್ತಿ ಆಯ್ತು ನಿಮ್ದು" ಎನ್ನುತ್ತಿದ್ದರು.

ಆ ಪಟ್ಟಿಯ ಕೊನೆಯಲ್ಲಿ ಹದಿನಾಲ್ಕು ತಿಂಗಳಿಂದ ಒಂದೇ ಹೆಸರು ಇತ್ತು. ಫ್ಲೈಟ್ ಲೆಫ್ಟಿನೆಂಟ್ ಮುಬೀನಾ ನದಾಫ್. ಸವೆತ ೧.೪೧.

ಆ ಗುರುವಾರ ಸಾರ್ಜೆಂಟ್ ಈರಣ್ಣ ಹೂಗಾರ ವಿಮಾನಗಳ ದಾಖಲೆ ಪುಸ್ತಕಕ್ಕೆ ಸಹಿ ಹಾಕಿಸಲು ದಳದ ಮುಖ್ಯಸ್ಥ ವಿಂಗ್ ಕಮಾಂಡರ್ ಬರುವಾ ಅವರ ಕೋಣೆಗೆ ಹೋಗಿದ್ದ. ಹೂಗಾರ ನೆಲದ ಸಿಬ್ಬಂದಿಯ ಮೇಲ್ವಿಚಾರಕ. ಬೆಳಗಿನ ವಿಮಾನಗಳನ್ನು ಹಾರಾಟಕ್ಕೆ ಸಿದ್ಧಗೊಳಿಸುವುದು ಅವನ ಹೊಣೆ. ಒಳಗೆ ಮುಬೀನಾ ಇದ್ದಳು. ಬರುವಾ ಅವನಿಗೆ ನಿಲ್ಲುವಂತೆ ಕೈಸನ್ನೆ ಮಾಡಿ ಮಾತು ಮುಂದುವರಿಸಿದರು. ಅವರು ಅಸ್ಸಾಮಿನವರು, ಮಾತು ನಡೆದದ್ದು ಹಿಂದಿಯಲ್ಲಿ.

"ಕೂತುಕೋ."

"ನಿಂತೇ ಇರುತ್ತೇನೆ ಸರ್."

"ಆರು ತಿಂಗಳಿಂದ ಹೇಳುತ್ತಿದ್ದೇನೆ, ಮೆತ್ತಗೆ ಹಾರಿಸು ಎಂದು."

"ಮೆತ್ತಗೇ ಹಾರಿಸುತ್ತಿದ್ದೇನೆ. ಇದಕ್ಕಿಂತ ಮೆತ್ತಗೆ ಅಂದರೆ ಅದು ಹಾರಿಸುವುದಲ್ಲ ಸರ್, ತೊಟ್ಟಿಲು ತೂಗುವುದು."

"ಬಲೆಗೆ ನಿನ್ನ ಮೇಲೆ ಹಗೆ ಇಲ್ಲ."

"ಗೊತ್ತು. ಹಗೆ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು."

ಬರುವಾ ಕಾಗದವೊಂದನ್ನು ಮೇಜಿನ ಮೇಲೆ ಸರಿಸಿದರು. ಮುಂದಿನ ತಿಂಗಳ ಒಂದನೆಯ ತಾರೀಖಿನಿಂದ ಮುಬೀನಾ ಸರಕು ವಿಮಾನಗಳ ವಿಭಾಗಕ್ಕೆ. ಅಲ್ಲಿಂದ ಯುದ್ಧವಿಮಾನಕ್ಕೆ ಮರಳಿದವರು ಯಾರೂ ಇರಲಿಲ್ಲ. ಅವಳು ಓದಿ, ಮಡಚಿ, ಸೆಲ್ಯೂಟ್ ಹೊಡೆದು ಹೊರಗೆ ಹೋದಳು. ಹೂಗಾರ ಪುಸ್ತಕ ತೆರೆದು ಹಿಡಿದ. ಬರುವಾ ಓದದೆ ಸಹಿ ಹಾಕಿದರು.

"ನಿನ್ನ ಬಡ್ತಿಯ ಕಡತ ಕಳಿಸಿದ್ದೇನೆ ಹೂಗಾರ. ಬೆಳಗಿನ ಹಾರಾಟ ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ತಡವಾಗಿಲ್ಲ ಎಂದು ಬರೆದಿದ್ದೇನೆ."

"ಥ್ಯಾಂಕ್ಯೂ ಸರ್."

ಆ ಮಾತು ನಿಜವಾಗಿತ್ತು. ದಿನವೂ ಬೆಳಿಗ್ಗೆ ಆರೂ ನಲವತ್ತಕ್ಕೆ ಎರಡು ವಿಮಾನ ಕರಾವಳಿಯವರೆಗೆ ಗಸ್ತು ಹೋಗಿ ಬರಬೇಕು. ದೂರದ ಹಾರಾಟವಾದ್ದರಿಂದ ರೆಕ್ಕೆಯಡಿ ಎರಡು ಇಂಧನ ಟ್ಯಾಂಕ್ ತೂಗುಹಾಕಬೇಕು. ಮೊದಲು ಅದನ್ನು ಬೆಳಿಗ್ಗೆ ಮಾಡುತ್ತಿದ್ದರು, ವಾರಕ್ಕೆರಡು ಸಲ ತಡವಾಗುತ್ತಿತ್ತು. ಹೂಗಾರ ಬಂದ ಮೇಲೆ ಹಿಂದಿನ ದಿನ ಮಧ್ಯಾಹ್ನವೇ ಟ್ಯಾಂಕ್ ಹಾಕಿ ತುಂಬಿಸಿಡುವ ಪದ್ಧತಿ ತಂದ. ಸದಾ ಹಾರಾಟಕ್ಕೆ ಸಿದ್ಧವಿರುವ ನೆಲೆಗೆ ಬಹುಮಾನವಾಗಿ ಕೊಡುವ ಸಿದ್ಧತೆಯ ಫಲಕ ಆ ವರ್ಷ ದಳಕ್ಕೆ ಬಂತು.

*

ಹೂಗಾರನ ಹೆಂಡತಿ ಮಾದೇವಿ ನೆಲೆಯ ಕುಟುಂಬ ಚಿಕಿತ್ಸಾಲಯದಲ್ಲಿ ನರ್ಸ್. ಗುರುವಾರ ಅಲ್ಲಿ ಕೂಸುಗಳ ತೂಕ ನೋಡುವ ದಿನ. ಅವನು ಮಧ್ಯಾಹ್ನ ಊಟಕ್ಕೆ ಬಂದಾಗ ಅವಳು ಇನ್ನೂ ಸಮವಸ್ತ್ರದಲ್ಲೇ, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"ರೊಟ್ಟಿ ಬುಟ್ಯಾಗ ಅದಾವ. ನೀವು ಉಣ್ರಿ. ನಾ ಹೋಗಿ ಬರ್ತೀನಿ."

"ಈಗರ ಬಂದಿ. ಎಲ್ಲಿಗೆ?"

"ಆ ಲೀಲಾ ಮಹಾಂತೊ ಮನಿಗೆ. ತಪ್ಪಾತು ಅಂತ ಹೇಳಾಕ."

"ಏನ್ ಮಾಡಿದಿ?"

"ಏನ್ ಮಾಡ್ಲಿ, ಬೈದೆ. ಕೂಸು ಒಂದ ವಾರದಾಗ ಮುನ್ನೂರೈವತ್ತು ಗ್ರಾಂ ಇಳದೈತಿ, ನೀ ಹಾಲು ಕುಡಸ್ತಿಯೋ ಇಲ್ಲೋ, ಮೊಬೈಲ್ ನೋಡ್ಕೋತ ಕುಂದರ್ತಿಯೋ ಅಂತ ನಾಕ ಮಂದ್ಯಾಗ ಅಂದೆ. ಅಳಕೋತ ಹೋತು ಪಾಪ. ಆಮ್ಯಾಲ ಬಂದ ಕೂಸೂ ಮುನ್ನೂರೈವತ್ತು ಇಳದಿತ್ತು. ಅದರ ಮುಂದಿಂದೂ ಅಷ್ಟ."

"ಯಾಕ?"

"ಮುಂಜಾನಿ ತಣ್ಣಗಿತ್ತಲ್ಲ, ಕೂಸಿಗೆ ಚಳಿ ಆಗ್ತೈತಿ ಅಂತ ಆಯಾ ತಕ್ಕಡಿ ಮ್ಯಾಲ ಕಂಬಳಿ ಹಾಸಿ ಸೊನ್ನಿ ಒತ್ತಿದ್ಲು. ಹನ್ನೊಂದಕ್ಕ ಬಿಸಲು ಬಂತು, ಕಂಬಳಿ ತಗದಿಟ್ಲು. ಸೊನ್ನಿ ಮತ್ತ ಒತ್ತಲಿಲ್ಲ. ಎಲ್ಲಾ ಕೂಸೂ ಒಂದ ಅಳತಿ ಇಳದ್ರ ಅದು ಕೂಸಿನ ರೋಗಲ್ಲ, ತಕ್ಕಡಿ ರೋಗ. ನನಗ ಮೂರನೇ ಕೂಸಿಗೆ ತಿಳೀತು. ಮೊದಲನೇದಕ್ಕ ತಿಳೀಬೇಕಾಗಿತ್ತು."

"ಫೋನ್ ಮಾಡಿದ್ರ ಆಗತಿತ್ತಲ್ಲ."

"ಬೈಯುವಾಗ ಮಂದಿ ಮುಂದ ಬೈದು, ತಪ್ಪಾತು ಅನ್ನೋದು ಫೋನಿನಾಗೇನು?"

ಅವಳು ಹೋದಳು. ಹೂಗಾರ ರೊಟ್ಟಿ ಮುರಿದ. ಎರಡನೆಯ ತುತ್ತಿಗೆ ಅವನ ಕೈ ನಿಂತಿತು.

ಬಲೆಗೂ ಸೊನ್ನೆ ಹಿಡಿಯಬೇಕಾಗುತ್ತದೆ. ಗಾಜಿನ ಎಳೆ ಬಿಸಿಲಿಗೆ, ಚಳಿಗೆ ತನ್ನಷ್ಟಕ್ಕೆ ಹಿಗ್ಗಿ ಕುಗ್ಗುತ್ತದೆ. ಆದ್ದರಿಂದ ದಿನವೂ ಮೊದಲ ಹಾರಾಟಕ್ಕೆ ಮುಂಚೆ ವಿಮಾನ ನಿಶ್ಚಲವಾಗಿ ನಿಂತಿರುವಾಗ, ಇದೇ ಇಂದಿನ ಸೊನ್ನೆ ಎಂದು ಅದಕ್ಕೆ ಹೇಳಿಕೊಡಬೇಕು. ಪರದೆಯ ಮೇಲೆ ಮೂರು ಪ್ರಶ್ನೆ ಬರುತ್ತವೆ. ಎಂಜಿನ್ ಬಂದ್? ಚಕ್ರಕ್ಕೆ ತಡೆ ಇಟ್ಟಿದೆಯೇ? ರೆಕ್ಕೆಯಡಿ ಲೋಡ್ ಇಲ್ಲವೇ? ಮೂರಕ್ಕೂ ಟಿಕ್ ಹಾಕಿ ಗುಂಡಿ ಒತ್ತಬೇಕು.

ಲೋಡ್ ಎಂದರೆ ಅವನಿಗೆ, ಅವನ ಹುಡುಗರಿಗೆ, ಅವನಿಗೆ ಕೆಲಸ ಕಲಿಸಿದವರಿಗೆ, ಬಾಂಬು ಮತ್ತು ಕ್ಷಿಪಣಿ. ಆಯುಧದ ಗಾಡಿ ಬಂದರೆ 'ಲೋಡ್ ಬಂತು' ಎನ್ನುತ್ತಿದ್ದರು. ಟ್ಯಾಂಕಿಗೆ ಯಾರೂ ಲೋಡ್ ಎಂದದ್ದಿಲ್ಲ, ಟ್ಯಾಂಕ್ ಟ್ಯಾಂಕೇ. ಶಾಂತಿಕಾಲದ ಗಸ್ತಿನಲ್ಲಿ ಈ ನೆಲೆಯಿಂದ ಆಯುಧ ಕಟ್ಟಿ ಕಳಿಸುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಹಾಗಾಗಿ ಮೂರನೆಯ ಪ್ರಶ್ನೆಗೆ ಯಾರೂ ರೆಕ್ಕೆಯ ಕಡೆ ನೋಡುತ್ತಿರಲಿಲ್ಲ. ಹದಿನಾಲ್ಕು ತಿಂಗಳಿಂದ ತುಂಬಿದ ಎರಡು ಟ್ಯಾಂಕ್ ನೇತಾಡುತ್ತಿದ್ದ ರೆಕ್ಕೆಗೆ ಅವರು ಸೊನ್ನೆ ಹಿಡಿದಿದ್ದರು.

ಮತ್ತು ಬೆಳಗಿನ ಗಸ್ತು ಯಾರಿಗೂ ಇಷ್ಟವಿಲ್ಲದ್ದರಿಂದ, ಹತ್ತರಲ್ಲಿ ಒಂಬತ್ತು ದಿನ ಅದನ್ನು ಕೇಳಿ ಪಡೆಯುತ್ತಿದ್ದವಳು ಮುಬೀನಾ; ಜೊತೆಯ ವಿಮಾನಕ್ಕೆ ಉಳಿದವರು ಸರದಿಯಂತೆ ಬರುತ್ತಿದ್ದರು.

*

ಶುಕ್ರವಾರ ಮಧ್ಯಾಹ್ನ ಹಾರಾಟವಿರಲಿಲ್ಲ. ಹ್ಯಾಂಗರಿನಲ್ಲಿ ಏಳನೆಯ ನಂಬರಿನ ವಿಮಾನ ಟ್ಯಾಂಕ್ ಇಲ್ಲದೆ ನಿಂತಿತ್ತು. ಹೂಗಾರ ಅದಕ್ಕೆ ಸೊನ್ನೆ ಹಿಡಿದ. ಪರದೆ ೦ ತೋರಿಸಿತು. ಕ್ರೇನಿನವನನ್ನು ಕರೆದು ಎರಡೂ ಬದಿಗೆ ಟ್ಯಾಂಕ್ ಏರಿಸಿ, ತುಂಬಿಸಲು ಹೇಳಿದ. ಅಷ್ಟರಲ್ಲಿ ಮುಬೀನಾ ತನ್ನ ಹೆಲ್ಮೆಟ್ ಚೀಲ ತೆಗೆದುಕೊಂಡು ಹೋಗಲು ಬಂದಳು. ಗದಗಿನವಳು, ಹೂಗಾರನ ಜೊತೆ ಮಾತ್ರ ಊರ ಮಾತು ಆಡುತ್ತಿದ್ದಳು.

"ಏನ್ರಿ ಹೂಗಾರ, ಹಬ್ಬ ಇಲ್ಲ ಹುಣ್ಣಿವಿ ಇಲ್ಲ, ಟ್ಯಾಂಕ್ ಯಾಕ ಏರ್ಸಾಕತ್ತೀರಿ?"

"ಜರಾ ನಿಂದರ್ರಿ ಮೇಡಂ. ಇಲ್ಲಿ ನೋಡ್ರಿ."

ಟ್ಯಾಂಕ್ ತುಂಬುತ್ತ ಹೋದಂತೆ ಪರದೆಯ ಅಂಕಿ ಸೊನ್ನೆಯಿಂದ ಕೆಳಗಿಳಿಯಿತು. ಮೈನಸ್ ನಲವತ್ತು. ಮೈನಸ್ ನೂರ ಹತ್ತು. ತುಂಬಿದಾಗ ಮೈನಸ್ ನೂರ ತೊಂಬತ್ತರಲ್ಲಿ ನಿಂತಿತು. ಎರಡು ಟನ್ನಿನ ಭಾರಕ್ಕೆ ರೆಕ್ಕೆಗಳು ಕಣ್ಣಿಗೆ ಕಾಣದಷ್ಟು ಕೆಳಗೆ ಬಾಗಿದ್ದವು.

"ಇದು ಏನು?"

"ಇದು ಇಷ್ಟು ದಿನ ನಿಮ್ಮ ಸೊನ್ನಿ."

ಅವಳು ಪರದೆಯನ್ನೂ ರೆಕ್ಕೆಯನ್ನೂ ನೋಡಿದಳು. ಅವಳು ಲೆಕ್ಕ ಹಾಕುತ್ತಿದ್ದಾಳೆ ಎಂದು ಹೂಗಾರನಿಗೆ ತಿಳಿಯಿತು. ಸಾಧಾರಣ ತಿರುವಿನಲ್ಲಿ ಬಲೆ ತೋರಿಸುವುದು ಸಾವಿರದ ಒಂಬೈನೂರು. ಕೆಳಗೆ ಬಾಗಿದ ರೆಕ್ಕೆಯನ್ನು ಸೊನ್ನೆ ಎಂದುಕೊಂಡ ಬಲೆ ಅದಕ್ಕೆ ನೂರ ತೊಂಬತ್ತು ಸೇರಿಸಿ ಹೇಳುತ್ತದೆ, ಹತ್ತರಲ್ಲೊಂದು ಪಾಲು ಹೆಚ್ಚು. ಲೋಹದ ದಣಿವು ನೇರ ಲೆಕ್ಕದಲ್ಲಿ ಏರುವುದಿಲ್ಲ. ಸೆಳೆತ ಹತ್ತರಲ್ಲೊಂದು ಪಾಲು ಹೆಚ್ಚಿದರೆ ದಣಿವು ಹೆಚ್ಚುಕಡಿಮೆ ಒಂದೂವರೆ ಪಟ್ಟು.

"ಒಂದು ಪಾಯಿಂಟ್ ನಾಕು," ಎಂದಳು ಮುಬೀನಾ.

"ಹೌದ್ರಿ."

"ನನ್ನ ಕೈ ಒರಟ ಅಂತ ನಾನ ನಂಬಿದ್ನಲ್ಲೋ ಹೂಗಾರ." ಅವಳು ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಿದ್ದಳು. "ಮನ್ಯಾಗ ಚಾದ ಕಪ್ಪು ಸುದ್ದಾ ಮೆತ್ತಗ ಇಡಾಕತ್ತಿದ್ದೆ."

"ಟ್ಯಾಂಕ್ ಹಾಕ್ಸಿದಾಂವ ನಾನ. ಟಿಕ್ ಹಾಕಿದಾಂವನೂ ನಾನ."

"ವಿಮಾನಕ್ಕ ತಾ ಟ್ಯಾಂಕ್ ಹೊತ್ತೀನಿ ಅಂತ ಗೊತ್ತಿರಂಗಿಲ್ಲೇನು?"

"ವಿಮಾನಕ್ಕ ಗೊತ್ತೈತ್ರಿ. ಬಲಿಗೆ ಗೊತ್ತಿಲ್ಲ. ಬಲಿ ಆಮ್ಯಾಲ ಅಂಟಿಸಿದ್ದು, ಎರಡೂ ಮಾತಾಡಂಗಿಲ್ಲ. ನಾವು ಹೇಳಿದ್ದ ಅದಕ್ಕ ಖರೆ."

ಮುಬೀನಾ ಹೆಲ್ಮೆಟ್ ಚೀಲವನ್ನು ನೆಲಕ್ಕಿಟ್ಟಳು. "ಹನ್ನೊಂದು, ಹದಿನಾಕು?"

ಅವೆರಡೂ ಗಸ್ತಿಗೆ ಹೆಚ್ಚು ಹೋಗುತ್ತಿದ್ದ ವಿಮಾನಗಳು. ಆಯುಷ್ಯ ತೀರಿತೆಂದು ನಾಲ್ಕು ತಿಂಗಳ ಹಿಂದೆ ತರಬೇತಿ ಶಾಲೆಗೆ ಕಳಿಸಿದ್ದರು. ಒಳಗಿನ ಎಲುಬು ಕಾಣಲಿ ಎಂದು ಅವುಗಳ ರೆಕ್ಕೆಯನ್ನು ಅಲ್ಲಿ ಉದ್ದಕ್ಕೆ ಸೀಳಿ ಇಟ್ಟಿದ್ದರು. ಹೂಗಾರ ಅದರ ಬಗ್ಗೆ ನಿನ್ನೆ ಊಟದ ಹೊತ್ತಿಂದ ಯೋಚಿಸುತ್ತಿದ್ದ.

"ನಾ ಹೋಗಿ ಹೇಳಿದ್ರ ನೆಪ ಹುಡಿಕ್ಯಾಳ ಅಂತಾರ," ಎಂದಳು ಅವಳು. ಅವನ ಮುಖ ನೋಡದೆ, ಟ್ಯಾಂಕನ್ನೇ ನೋಡುತ್ತ ಮುಂದುವರಿಸಿದಳು. "ನಿಮ್ಮ ಬಡ್ತಿ ಬೋರ್ಡ್ ಮುಂದಿನ ತಿಂಗಳಲ್ಲೇನು?"

"ಹೌದ್ರಿ."

"ನನ್ನ ತಾರೀಖು ಒಂದು."

ಅವಳು ಇನ್ನೇನೂ ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ಬೇರೆಯವರಿಗಾಗಿ ಮಾಡಿದೆ ಎಂದುಕೊಳ್ಳಬಹುದಿತ್ತು.

ಸಂಜೆ ಮಾದೇವಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ: "ಬೇರೆ ಯಾರರ ಕಂಡು ಹಿಡೀತಾರೇನು?"

"ಇಲ್ಲ. ಹೊಸ ವಿಮಾನ ಬಂದ ಮ್ಯಾಲ ಈ ಬಲೀನೂ ಹೋಗ್ತೈತಿ."

"ಹಂಗಾರ ನೀವು ಹೇಳ್ದಿದ್ರ ಅದು ಇಲ್ಲೇ ಉಳೀತೈತಿ," ಎಂದು ಅವನ ಎದೆಯತ್ತ ಬೆರಳು ತೋರಿಸಿ, "ಮತ್ತ ನನ್ನ ಮುಂದ ದಿನಾ ಉಸಿರು ಬಿಡ್ಕೋತ ಕುಂದರಬ್ಯಾಡ್ರಿ" ಎಂದಳು. ಬಡ್ತಿ ಸಿಕ್ಕಿದ್ದರೆ ದೊಡ್ಡ ಕ್ವಾರ್ಟರ್ಸು ಸಿಗುತ್ತಿತ್ತು. ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ.

*

ಬರುವಾ ಎಲ್ಲವನ್ನೂ ಕೇಳಿಸಿಕೊಂಡರು. ಹ್ಯಾಂಗರಿಗೆ ಬಂದು ಟ್ಯಾಂಕ್ ಬಿಚ್ಚಿಸಿ, ಹಾಕಿಸಿ, ಅಂಕಿ ಇಳಿಯುವುದನ್ನು ಎರಡು ಸಲ ನೋಡಿದರು. ಕೋಣೆಗೆ ಮರಳಿದ ಮೇಲೆ ಬಾಗಿಲು ಮುಚ್ಚಿಸಿದರು.

"ಯಾರ ಪದ್ಧತಿ ಇದು?"

"ನನ್ನದು ಸರ್."

"ಹದಿನಾಲ್ಕು ತಿಂಗಳು. ಯಾರೂ ನೋಡಲಿಲ್ಲವೇ?"

"ಎಲ್ಲರೂ ನೋಡಿದ್ದಾರೆ ಸರ್. ಟ್ಯಾಂಕ್ ನೋಡಿದ್ದಾರೆ. ಲೋಡ್ ನೋಡಲಿಲ್ಲ."

ಬರುವಾ ಗೋಡೆಯ ಸಿದ್ಧತೆಯ ಫಲಕದ ಕಡೆ ನೋಡಿದರು. ಅದಕ್ಕಾಗಿ ಅರ್ಜಿ ಬರೆದವರು ಅವರೇ. "ಸೀಳಿದ ಎರಡು ವಿಮಾನಗಳಿಗೆ ಇನ್ನೂ ಎಷ್ಟು ಆಯುಷ್ಯ ಇತ್ತು?"

"ಸರಿಯಾಗಿ ಲೆಕ್ಕ ಮಾಡಿಲ್ಲ ಸರ್. ಇನ್ನೂ ನಾಲ್ಕೈದು ತಿಂಗಳು ಹಾರುತ್ತಿದ್ದವು."

"ಬರೆದು ಕೊಡು. ನಿನ್ನ ಸಹಿ ಹಾಕು. ಕೆಳಗೆ ನನ್ನದೂ ಇರುತ್ತದೆ." ಹೂಗಾರ ಬಾಗಿಲ ತನಕ ಹೋದ ಮೇಲೆ ಮತ್ತೆ ಹೇಳಿದರು: "ನಿನ್ನ ಬಡ್ತಿ ಉಳಿಸಲು ನನ್ನಿಂದ ಆಗುವುದಿಲ್ಲ."

"ಗೊತ್ತು ಸರ್."

ವಿಚಾರಣೆ ಮೂರು ವಾರ ನಡೆಯಿತು. ಹೂಗಾರನಿಗೆ ಲಿಖಿತ ಛೀಮಾರಿ, ಎರಡು ವರ್ಷ ಬಡ್ತಿಯ ಪಟ್ಟಿಯಿಂದ ಹೊರಗೆ. ಬರುವಾ ಅವರಿಗೂ ಒಂದು ಪತ್ರ ಬಂತೆಂದು ಸುದ್ದಿ, ಅದರಲ್ಲಿ ಏನಿತ್ತೆಂದು ಯಾರಿಗೂ ತಿಳಿಯಲಿಲ್ಲ. ಪರದೆಯ ಮೂರನೆಯ ಪ್ರಶ್ನೆಯನ್ನು 'ರೆಕ್ಕೆಯಡಿ ಟ್ಯಾಂಕ್ ಸೇರಿದಂತೆ ಏನೂ ಇಲ್ಲವೇ?' ಎಂದು ತಿದ್ದಿದರು. ಸೊನ್ನೆ ಹಿಡಿದ ಮೇಲೆಯೇ ಟ್ಯಾಂಕ್ ಹಾಕಬೇಕಾದ್ದರಿಂದ ಬೆಳಗಿನ ಗಸ್ತಿನ ಹೊತ್ತು ಏಳೂವರೆಗೆ ಹೋಯಿತು. ಸಿದ್ಧತೆಯ ಫಲಕ ಆ ವರ್ಷ ಬೇರೆ ನೆಲೆಗೆ ಹೋಯಿತು.

ಮುಬೀನಾಳ ಹಳೆಯ ಹಾರಾಟಗಳನ್ನೆಲ್ಲ ಹೊಸ ಸೊನ್ನೆಯಿಂದ ಎಣಿಸಿದರು. ೦.೯೬. ವರ್ಗಾವಣೆಯ ಆದೇಶ ರದ್ದಾಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ಎಲ್ಲರಿಗೂ ಹಿತವಾಗಿರುತ್ತಿತ್ತು. ಮರುವಾರ ಅವಳನ್ನು ಅಣಕು ಕಾಳಗಕ್ಕೆ ಕಳಿಸಿದರು. ಒಬ್ಬರ ಬೆನ್ನ ಹಿಂದೆ ಒಬ್ಬರು ಬೀಳುವ ಅಭ್ಯಾಸ ಅದು, ಹೆಚ್ಚು ಬಿಗಿಯಾಗಿ ತಿರುಗಿದವರು ಗೆಲ್ಲುತ್ತಾರೆ. ಅವಳು ಮೂರಕ್ಕೆ ಮೂರೂ ಸೋತಳು. ಬಲೆಯ ದಾಖಲೆಯಲ್ಲಿ ಕಾರಣ ಸ್ಪಷ್ಟವಾಗಿತ್ತು. ಪ್ರತಿ ತಿರುವಿನಲ್ಲೂ ಮೈಭಾರ ಐದು ಪಟ್ಟಾಗುತ್ತಲೇ ಅವಳ ಕೈ ಸಡಿಲುತ್ತಿತ್ತು, ಅಲ್ಲಿ ಗೋಡೆಯೊಂದು ಇದ್ದ ಹಾಗೆ. ವಿಮಾನ ಎಂಟು ಪಟ್ಟಿನವರೆಗೆ ತಾಳುತ್ತದೆ, ಅವಳೂ ಒಂದು ಕಾಲಕ್ಕೆ ಏಳು ದಾಟುತ್ತಿದ್ದಳು.

ಬರುವಾ ಉಳಿದವರ ದಾಖಲೆಯನ್ನೂ ತೆಗೆಸಿದರು. ಮೂರು ವರ್ಷಗಳಲ್ಲಿ ದಳದ ಯಾವ ಪೈಲಟ್ಟೂ ಆರು ದಾಟಿರಲಿಲ್ಲ. ಅವಳನ್ನು ಸೋಲಿಸಿದವನು ಸೋಲಿಸಿದ್ದು ಐದೂವರೆಯಲ್ಲಿ. ಲೋಹವನ್ನು ಬಳಸದೆ ಇಟ್ಟರೆ ಉಳಿಯುತ್ತದೆ. ಕೈಯನ್ನು ಬಳಸದೆ ಇಟ್ಟರೆ ಉಳಿಯುವುದಿಲ್ಲ. ಇಷ್ಟು ಸರಳ ವಿಷಯಕ್ಕೆ ಬಲೆಯಲ್ಲಿ ಎಳೆ ಇರಲಿಲ್ಲ.

ಸೋಮವಾರದ ಪಟ್ಟಿ ನಿಂತಿತು. ತಪ್ಪು ಲೆಕ್ಕದಿಂದ ತೀರಿದೆ ಎಂದುಕೊಂಡಿದ್ದ ಆಯುಷ್ಯ ಒಂದಷ್ಟು ಮರಳಿ ಸಿಕ್ಕಿತ್ತಲ್ಲ, ಅದನ್ನು ಕಾಳಗದ ಅಭ್ಯಾಸಕ್ಕೆ ಖರ್ಚು ಮಾಡುವುದೆಂದು ಬರುವಾ ಆದೇಶ ಹೊರಡಿಸಿದರು. ಮೊದಲ ವಾರ ಪೈಲಟ್‌ಗಳು ಆದೇಶ ಓದಿ ತಲೆಯಾಡಿಸಿ, ಹೋಗಿ ಮೆತ್ತಗೇ ಹಾರಿಸಿ ಬಂದರು.

"ಕೈ ಕೇಳಂಗಿಲ್ರಿ," ಎಂದಳು ಮುಬೀನಾ ಎರಡನೆಯ ವಾರ, ಏಣಿ ಇಳಿಯುತ್ತ. "ತಲಿ ಎಳಿ ಅಂತೈತಿ, ಕೈ ಬ್ಯಾಡ ಅಂತೈತಿ. ರೆಕ್ಕಿಗೆ ಸೊನ್ನಿ ಹಿಡದ್ರಿ, ಇದಕ್ಕ ಯಾರ ಹಿಡೀತಾರ?"

"ನನಗ ಗೊತ್ತಿಲ್ರಿ ಮೇಡಂ."

"ಗೊತ್ತಿಲ್ಲ ಅಂದಿದ್ದು ಚಲೋ ಆತು. ಡಾಕ್ಟರು ಉಸಿರಾಟದ ವ್ಯಾಯಾಮ ಹೇಳ್ಯಾರ."

ಐದು ಪಾಯಿಂಟ್ ಮೂರು. ಐದು ಪಾಯಿಂಟ್ ಎಂಟು. ನಡುವೆ ಒಂದು ವಾರ ಮತ್ತೆ ಐದಕ್ಕೆ ಇಳಿದಳು. ಏಳನೆಯ ವಾರದ ಬುಧವಾರ ಅವಳು ಇಳಿದಾಗ ಏಣಿಯ ಮೇಲೆ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಕೈಗವಸು ಬಿಚ್ಚಿದಾಗ ಮುಂಗೈ ತುಂಬ ಸಾಸಿವೆ ಕಾಳಿನಂಥ ಕೆಂಪು ಚುಕ್ಕೆಗಳು. ಮೈಭಾರ ಏರಿದಾಗ ಚರ್ಮದಡಿಯ ಸಣ್ಣ ರಕ್ತನಾಳಗಳು ಒಡೆದು ಹಾಗಾಗುತ್ತದೆ. ಹಳೆಯ ಪೈಲಟ್‌ಗಳ ಕೈಯಲ್ಲಿ ಹೂಗಾರ ಅದನ್ನು ನೋಡಿದ್ದ, ಈಚಿನ ವರ್ಷಗಳಲ್ಲಿ ನೋಡಿರಲಿಲ್ಲ.

ಅವನು ಬಲೆಯ ಪರದೆ ತೆರೆದ. ಏಳು ಪಾಯಿಂಟ್ ಎರಡು. ಕೆಳಗಿನ ಸಾಲಿನಲ್ಲಿ ಸವೆತ ೧.೫೮. ಬಲೆ ಬಂದ ಮೇಲೆ ದಳದಲ್ಲಿ ಯಾರೂ ಅಷ್ಟು ಸವೆಸಿರಲಿಲ್ಲ, ತಪ್ಪು ಸೊನ್ನೆಯಲ್ಲೂ.

"ಎಷ್ಟು?"

ಅವನು ಹೇಳಿದ.

"ಸೊನ್ನಿ ಸರಿ ಐತೇನು?"

"ಟ್ಯಾಂಕ್ ಬಿಚ್ಚಿ, ರೆಕ್ಕಿ ಅಡಿ ನಾನ ಅಡ್ಡಾಡಿ ನೋಡಿ ಹಿಡದೀನ್ರಿ. ಖರೇನ ಐತಿ."

"ಹಂಗಾರ ಬರೀರಿ."

ಹೂಗಾರ ದಾಖಲೆ ಪುಸ್ತಕ ಬಿಡಿಸಿ, ಹಾರಿದ ಹೊತ್ತು ಒಂದು ಗಂಟೆ ಐದು ನಿಮಿಷ, ಸವೆದ ಆಯುಷ್ಯ ಒಂದು ಗಂಟೆ ನಲವತ್ತಮೂರು ನಿಮಿಷ ಎಂದು ಬರೆದು ಸಹಿ ಹಾಕಿದ. ಮುಬೀನಾ ಪುಸ್ತಕವನ್ನು ರೆಕ್ಕೆಯ ಅಂಚಿಗೆ ಒತ್ತಿ ಹಿಡಿದು, ಅವನ ಸಹಿಯ ಕೆಳಗೆ ತನ್ನದನ್ನು ಹಾಕಿದಳು.